ಹೆಗಲ ಮೇಲಿನ ಪೇಪರು

ಹೊಸ ಪೈಸೆ ಬಂದ ವರ್ಷ.
ಮುಳಬಾಗಿಲಿಗೆ ಪೇಪರು ಬರುತ್ತಿದ್ದದ್ದು
ಕೋಲಾರದ ಹತ್ತೂವರೆ ಬಸ್ಸಿನ ಟಾಪಿನಲ್ಲಿ,
ಹುಣಸೆಹಣ್ಣಿನ ಮೂಟೆಗೆ ಒರಗಿಕೊಂಡು.
ಸುದ್ದಿ ಅದಕ್ಕೂ ಹಳೆಯದು: ಅಮೆರಿಕದಲ್ಲಿ ಎಲ್ಲೋ
ಒಂದು ಹೈಸ್ಕೂಲು, ಮೆಟ್ಟಿಲುದ್ದಕ್ಕೂ ಸಿಪಾಯಿಗಳು,
ಬಂದೂಕಿನ ತುದಿಗೆ ಕತ್ತಿ,
ನಡುವೆ ಪುಸ್ತಕ ಎದೆಗವಚಿಕೊಂಡ ಕರಿಯ ಮಕ್ಕಳು.
ಮಸಿ ಕಲಸಿಹೋಗಿ ಯಾರಿಗೂ ಮುಖವೇ ಇರಲಿಲ್ಲ.

ನನಗೆ ಹನ್ನೊಂದು. ತಲೆ ಕಾಡಾಗಿತ್ತು.

ನಮ್ಮಪ್ಪ ಕದಿರಪ್ಪ ಚಾಂಪಿಯನ್ ರೀಫಿನ ಗಣಿಯಲ್ಲಿ
ಎರಡನೇ ಪಾಳಿ. ಅಲ್ಲಿ ಲೈನು ಮನೆಗಳ ಕ್ಷೌರದಂಗಡಿಯಲ್ಲಿ
ನಾಲ್ಕಾಣೆ ಇಟ್ಟರೆ
ಯಾರ ತಲೆಯಾದರೂ ತಲೆಯೇ.
ರಜಕ್ಕೆ ಬಂದವನು ಅದೇ ಅಭ್ಯಾಸದಲ್ಲಿ
ಗಂಗುಲಪ್ಪನ ಅಂಗಡಿಗೆ ನನ್ನನ್ನು ಕರೆದೊಯ್ದ.
ಗಂಗುಲಪ್ಪ ತಿರುಗಲಿಲ್ಲ, ಕನ್ನಡಿಗೇ ಹೇಳಿದ:
"ಕತ್ತರಿ ಸಾಣೆಗೆ ಹೋಗಿದೆ ಕದಿರಪ್ಪ."
ಕತ್ತರಿ ಅವನ ಕೈಯಲ್ಲೇ ಇತ್ತು.

ಅಪ್ಪ ಜಗಳಕ್ಕೆ ನಿಲ್ಲಲಿಲ್ಲ. ಯೂನಿಯನ್ ಆಫೀಸಿನಲ್ಲಿ
ಯಾರೋ ಬರೆದುಕೊಟ್ಟ ಚೀಟಿ, ಅದರಲ್ಲಿ ಆಕ್ಟಿನ ಹೆಸರು, ಇಸವಿ,
ಮಡಿಸಿ ಮಡಿಸಿ ಮಡಿಕೆಯಲ್ಲೇ ಹರಿದದ್ದು,
ಠಾಣೆಯ ಮೇಜಿನ ಮೇಲೆ ಬಿಡಿಸಿಟ್ಟ.
ಸಬ್‌ಇನ್‌ಸ್ಪೆಕ್ಟರು ಓದಿದರು. ಮತ್ತೊಮ್ಮೆ ಓದಿದರು.
ಹಿಂದೇನಾದರೂ ಬರೆದಿದೆಯೇನೋ ಎಂದು ತಿರುಗಿಸಿ ನೋಡಿದರು.
"ಕೇಸೂ ಬೇಡ, ಗಲಾಟೇನೂ ಬೇಡ" ಎಂದು
ದಫೇದಾರ್ ಖಲಂದರ್ ಸಾಹೇಬರನ್ನು ಜೊತೆಗೆ ಕಳಿಸಿದರು:
"ಹುಡುಗನ ತಲೆ ಆಗೋ ತನಕ ಅಲ್ಲೇ ಇದ್ದು ಬನ್ನಿ."

ಹೀಗೆ ಸರ್ಕಾರ
ಲಾಠಿ ಹಿಡಿದು ನನ್ನ ಕ್ಷೌರಕ್ಕೆ ಬಂತು.

ಎದುರಿನ ಹೋಟೆಲಿನಿಂದ ಜನ
ದೋಸೆ ತಟ್ಟೆ ಸಮೇತ ಹೊರಗೆ ಬಂದರು.
ಯಾರೂ ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು,
ಅಗಿಯುವ ಸದ್ದು ಕೇಳುತ್ತಿತ್ತು.
ಖಲಂದರ್ ಸಾಹೇಬರು ಬೆನ್ನು ತಿರುಗಿಸಿ
ಹೋಗಿ ಬರುವ ಬಂಡಿಗಳನ್ನು ಎಣಿಸುವವರಂತೆ ನಿಂತರು.

ಗಂಗುಲಪ್ಪ ನೊರೆ ಒರೆಸಲು
ಪೇಪರಿನ ತುಂಡೊಂದನ್ನು ನನ್ನ ಹೆಗಲ ಮೇಲೆ ಹಾಸಿದ.
ನೋಡಿದೆ: ಅವರೇ, ತಲೆಕೆಳಗಾಗಿ.
ಮೆಟ್ಟಿಲಿನಿಂದ ಸಿಪಾಯಿಗಳು ಆಕಾಶಕ್ಕೆ ಜೋತುಬಿದ್ದಿದ್ದರು.
ಅವರ ಮೇಲೆ ನನ್ನ ಕೂದಲು ಬಿತ್ತು,
ಆ ಮಕ್ಕಳ ಮೇಲೂ.

ಕಿವಿಯ ಹತ್ತಿರ ಬಗ್ಗಿ, ದಫೇದಾರರಿಗೆ ಕೇಳದ ಹಾಗೆ
ಅವನು ಕೇಳಿದ: "ನಾಳೆ ಪಟೇಲರ ಮನೆ ಮದುವೆಗೆ
ನನ್ನ ಕರೀತಾರೇನೋ? ನೀನೇ ಹೇಳು."
ನಾನು ನಿಜವಾಗಿಯೂ ಉತ್ತರ ಹುಡುಕುತ್ತಿದ್ದೆ.
"ಕತ್ತು ಅಲ್ಲಾಡಿಸಬೇಡ" ಎಂದ.
ಅಲ್ಲಾಡುತ್ತಿದ್ದದ್ದು ನನ್ನ ಕತ್ತಲ್ಲ.

ಎಡಗಡೆ ಬಲಗಡೆಗಿಂತ ಬೆರಳಷ್ಟು ಗಿಡ್ಡವಾಯಿತು.
ಅಪ್ಪ ಕೊಟ್ಟ ಕಾಸಿಗೆ ಗಂಗುಲಪ್ಪ ಕೈ ಚಾಚಲಿಲ್ಲ,
ಅಪ್ಪ ಅದನ್ನು ಕನ್ನಡಿಯ ಮುಂದೆ ಇಟ್ಟ.
ಕನ್ನಡಿಯಲ್ಲಿ ಅದು ಎರಡಾಯಿತು.
ಠಾಣೆಯ ಪುಸ್ತಕದಲ್ಲಿ ಖಲಂದರ್ ಸಾಹೇಬರು
ದುಂಡಗೆ ಬರೆದರು: ಶಾಂತಿಯುತವಾಗಿ ನೆರವೇರಿತು.

ರಾತ್ರಿ ತಲೆ ಸವರಿಕೊಳ್ಳುತ್ತ ಯೋಚಿಸಿದೆ.
ಆ ಮಕ್ಕಳಿಗೆ ನಾಳೆಯೂ ಸ್ಕೂಲಿರುತ್ತದಲ್ಲ?
ಮಧ್ಯಾಹ್ನ ಸಿಪಾಯಿಗಳು ಊಟಕ್ಕೆ ಹೋದಾಗ
ಬುತ್ತಿ ಬಿಚ್ಚಿಕೊಂಡು
ಯಾರ ಪಕ್ಕ ಕೂರುತ್ತಾರೆ?

ಕೂದಲಿಗೇನು ಗೊತ್ತು.
ತಿಂಗಳು ತುಂಬುವ ಮೊದಲೇ ಬೆಳೆಯಿತು.
ಖಲಂದರ್ ಸಾಹೇಬರಿಗೆ ಬಾಗೇಪಲ್ಲಿಗೆ ವರ್ಗ,
ಅಪ್ಪ ಗಣಿಯೊಳಗೆ.
ಕಾಸು ಮುಷ್ಟಿಯಲ್ಲಿ ಒದ್ದೆಯಾಗುವವರೆಗೆ
ಅಂಗಡಿಯ ಮೆಟ್ಟಿಲ ಕೆಳಗೆ ನಿಂತೆ.

ಗಂಗುಲಪ್ಪ ರಸ್ತೆಯ ಆ ತುದಿ ನೋಡಿದ,
ಈ ತುದಿ ನೋಡಿದ.
ಬಾ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ.
ಮೊಳೆಗೆ ನೇತುಹಾಕಿದ್ದ ಬಿಳಿ ಬಟ್ಟೆ ತೆಗೆದು
ಗಾಳಿಗೆ ಒಂದು ಸಲ ಕೊಡವಿದ.

ಯಾರದೋ ಕೂದಲು ಹಾರಿ ಬಂದು
ನನ್ನ ಕಾಲ ಮೇಲೆ ಕೂತಿತು.